ಎರಡು ಹೆಸರಿನ ಪ್ರತಿವಾದಿ

ಸಾಗರ
16-11-1958

ಪ್ರೀತಿಯ ಸತ್ಯಭಾಮೆಗೆ,

ನಿನ್ನ ಕಾಗದಗಳು ಒಂದರ ಹಿಂದೊಂದು ಬಂದವು, ನನ್ನದು ಒಂದೂ ಹೋಗಲಿಲ್ಲ. ತೀರ್ಥಹಳ್ಳಿಯಲ್ಲಿ ಕೂತು ನೀನು ಎಷ್ಟು ಬೈದುಕೊಂಡಿರುತ್ತೀಯೆಂದು ಊಹಿಸಬಲ್ಲೆ. ಇವತ್ತಿಗೆ ಬೈಯುವುದನ್ನು ನಿಲ್ಲಿಸು. ನಿಮ್ಮ ಮನೆಯವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಮಗಳ ಕೆಮ್ಮು ವಾಸಿಯಾಯಿತೇ, ಬರೆ. ಬರೆಯೋಣವೆಂದು ಕೂತಾಗಲೆಲ್ಲ ಶಿವಮೊಗ್ಗದ ಕೋರ್ಟಿನಿಂದ ಇನ್ನೊಂದು ತಾರೀಖು ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಒಟ್ಟಿಗೇ ಬರೆದರಾಯಿತು ಎಂದುಕೊಂಡೆ.

ಮುಗಿಯಿತು. ಹೋದ ತಿಂಗಳ ಕೊನೆಗೆ ತೀರ್ಪಾಯಿತು. ನಾನೀಗ ಚಂದ್ರನಾಥರ ಹೆಂಡತಿಯಲ್ಲ. ನೋಡು, ಅವರ ಹೆಸರನ್ನೇ ಬರೆದುಬಿಟ್ಟೆ. ಕೋರ್ಟಿನಲ್ಲಿ ಅಷ್ಟು ಜನರೆದುರು “ಗಂಡನ ಹೆಸರು ಹೇಳಮ್ಮ, ಗಟ್ಟಿಯಾಗಿ ಹೇಳು” ಎಂದು ಮತ್ತೆ ಮತ್ತೆ ಹೇಳಿಸಿದ ಮೇಲೆ ಆ ನಾಚಿಕೆಯೂ ಹೊರಟುಹೋಯಿತು.

ಅವರು ಹೊಸನಗರದ ಮನೆ ಬಿಟ್ಟು ಮುನಿಗಳ ಸಂಘ ಸೇರಿದ್ದು ನಿನಗೆ ಗೊತ್ತು. ತೆಗೆದುಕೊಂಡದ್ದು ಕ್ಷುಲ್ಲಕ ದೀಕ್ಷೆ. ನಮ್ಮ ಜೈನರಲ್ಲಿ ಅದು ಮುನಿಯಾಗುವುದಕ್ಕೆ ಮೊದಲಿನ ಮೆಟ್ಟಿಲು. ಒಂದು ಕೌಪೀನ, ಒಂದು ಹೊದಿಕೆ, ದಿನಕ್ಕೊಂದೇ ಊಟ. ಊರಿನವರೆಲ್ಲ ಬಂದು ನನ್ನನ್ನು ಪುಣ್ಯವಂತೆ ಎಂದು ಹೊಗಳಿ ಹೋದರು. ಮಾರನೆಯ ಬೆಳಗ್ಗೆ ಎದ್ದು ಈ ಪುಣ್ಯವಂತೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಹೇಳಿದವರು ನೇಮಿರಾಜ ಬಾವ, ಅವರ ಅಣ್ಣ. ಇನ್ನು ಮೇಲೆ ಬಿಳಿ ಸೀರೆ ಉಡಬೇಕಂತೆ, ಬಸದಿಯಲ್ಲಿ ಜಪ ಮಾಡಿಕೊಂಡಿರಬೇಕಂತೆ. ತವರಿನ ಒಡವೆಗಳನ್ನು ಕೇಳಿದರೆ, “ಅವು ಮನೆ ಸೊಸೇದು. ನೀನು ಈ ಮನೆ ಸೊಸೆ ಆಗಿರೋವರೆಗೂ ಇಲ್ಲೇ ಇರ್ತವೆ” ಎಂದರು. ಅಪ್ಪ ಕೊಡಿಸಿದ ಹೊಲಿಗೆ ಯಂತ್ರ ಅವರ ಜವಳಿ ಅಂಗಡಿಯಲ್ಲಿತ್ತು. ಅದರಲ್ಲಿ ಯಾರೋ ದರ್ಜಿ ಊರಿಗೆಲ್ಲ ಅಂಗಿ ಹೊಲಿಯುತ್ತಿದ್ದ.

“ಹಾಗಾದ್ರೆ ಸೊಸೆ ಆಗಿರೋದಿಲ್ಲ ಬಿಡಿ ಬಾವ” ಎಂದೆ. ನನ್ನ ಅಣ್ಣ ಬಂದು ಸಾಗರಕ್ಕೆ ಕರೆತಂದ.

ಶಿವಮೊಗ್ಗದಲ್ಲಿ ಸೀತಾರಾಮಪ್ಪನೆಂಬ ವಕೀಲರನ್ನು ಕಂಡೆವು. “ಸಂಸಾರ ತೊರೆದು ಹೋದ ಗಂಡನಿಂದ ಬಿಡುಗಡೆ ಕೇಳಬಹುದು ಅಂತ ಹೊಸ ಕಾನೂನಲ್ಲೇ ಬರೆದಿದೆ. ಸುಲಭದ ಕೇಸು ಅಮ್ಮ” ಎಂದರು. ಆ ಸುಲಭ ಎಂಬ ಮಾತಿಗೆ ಕೊಟ್ಟ ಫೀಸನ್ನು ವಾಪಸು ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಮೊದಲು ಸಮನ್ಸು ಮುಟ್ಟಿಸಬೇಕಲ್ಲ. ಸಂಘ ನಡೆದುಕೊಂಡು ಊರೂರು ಸುತ್ತುತ್ತದೆ. ಕೋರ್ಟಿನ ಅಮೀನ ಬಸ್ಸು ಹಿಡಿದು ಆನಂದಪುರದಲ್ಲಿ ಇಳಿದರೆ ಅವರು ಮುಂದಿನ ಊರಿಗೆ ಹೋಗಿರುತ್ತಿದ್ದರು. ಕೊನೆಗೊಮ್ಮೆ ಸಿಕ್ಕರು. “ಇಲ್ಲಿ ಚಂದ್ರನಾಥ ಅನ್ನೋರು ಯಾರು?” ಎಂದು ಕೇಳಿದ್ದಾನೆ. ದೀಕ್ಷೆಯಾದ ಮೇಲೆ ಹೆಸರು ಬದಲಾಗುತ್ತದೆ. ಎದುರಿಗೇ ಕೂತಿದ್ದ ಇವರು ಶಾಂತವಾಗಿ, “ಆ ಹೆಸರಿನವರು ಈಗ ಇಲ್ಲ” ಎಂದರಂತೆ. ಅಮೀನ ಅದನ್ನೇ ಬರೆದು ಸಮನ್ಸು ಹಿಂದಕ್ಕೆ ತಂದ.

ಜಡ್ಜರು ಓದಿ, “ಏನ್ರೀ, ಪ್ರತಿವಾದಿ ತೀರಿಕೊಂಡಿದ್ದಾರಾ?” ಎಂದರು.

“ಇಲ್ಲ ಸ್ವಾಮಿ, ಚೆನ್ನಾಗಿದ್ದಾರೆ” ಎಂದರು ಸೀತಾರಾಮಪ್ಪ.

ನಾನು ಸೆರಗು ಬಾಯಿಗೆ ಹಿಡಿದು ಕೂತಿದ್ದೆ. ಅಳುತ್ತಿದ್ದೇನೆಂದು ಎಲ್ಲರೂ ತಿಳಿದರು. ಎರಡೂ ಹೆಸರು ಹಾಕಿ ಅರ್ಜಿ ತಿದ್ದುವುದಕ್ಕೆ ಮತ್ತೆ ಕೆಲವು ತಿಂಗಳು ಹೋದವು.

ಒಡವೆಗಾಗಿ ಬಾವನನ್ನೂ ಪ್ರತಿವಾದಿ ಮಾಡಿದ್ದೆವು. ಬಾವನ ವಕೀಲರ ವಾದ ಕೇಳು: ಕ್ಷುಲ್ಲಕನ ಮೈಮೇಲೆ ಇನ್ನೂ ಬಟ್ಟೆಯಿದೆ, ಆದ್ದರಿಂದ ಅದು ಪೂರ್ತಿ ಸನ್ಯಾಸವಲ್ಲ, ಆದ್ದರಿಂದ ಮದುವೆ ಹಾಗೇ ಇದೆ. ಇದೇ ಬಾವ ಹಿಂದಿನ ವರ್ಷ ತಾಲ್ಲೂಕು ಕಚೇರಿಗೆ ಹೋಗಿ, ತನ್ನ ತಮ್ಮ ಎಲ್ಲ ತೊರೆದ ಸನ್ಯಾಸಿ ಎಂದು ಹೇಳಿ ಗದ್ದೆಯ ಖಾತೆಯನ್ನೆಲ್ಲ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದರು. ಜಡ್ಜರಿಗೂ ರೇಗಿತು. “ಕಚೇರಿಯಲ್ಲಿ ಸನ್ಯಾಸಿ, ಕೋರ್ಟಿನಲ್ಲಿ ಸಂಸಾರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ” ಎಂದರು.

ಚಾತುರ್ಮಾಸ್ಯದಲ್ಲಿ ಸಂಘ ಒಂದೇ ಕಡೆ ನಿಲ್ಲುತ್ತದಲ್ಲ, ಆಗ ಅಲ್ಲಿಗೇ ಹೋಗಿ ಹೇಳಿಕೆ ಬರೆದುಕೊಳ್ಳಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸಿತು. ಬಸದಿಯ ಜಗಲಿಯಲ್ಲಿ ಎಲ್ಲರೂ ಕೂತೆವು. ಇವರು ತಲೆಗೂದಲು ಕಿತ್ತು, ಸೊರಗಿ, ಗುರುತೇ ಹತ್ತದ ಹಾಗಿದ್ದರು. ಕಿವಿ ಮಾತ್ರ ಅದೇ ಕಿವಿ.

“ಇವರು ನಿಮ್ಮ ಹೆಂಡತಿಯೇ?” ಎಂದರು ಕಮಿಷನರ್.

“ಆತ್ಮಕ್ಕೆ ಹೆಂಡತಿ ಇಲ್ಲ.”

ಗುಮಾಸ್ತ ಲೇಖನಿ ಎತ್ತಿ ಹಿಡಿದು, “ಇದನ್ನ ಹೌದು ಅಂತ ಬರೀಲಾ, ಇಲ್ಲ ಅಂತ ಬರೀಲಾ?” ಎಂದ.

“ಇಲ್ಲ ಅಂತಲೇ ಬರೀರಿ. ಹೆಂಡತಿಯೇ ಅಲ್ಲ ಅಂದ್ಮೇಲೆ ಬಿಡುಗಡೆ ಎಲ್ಲಿಂದ ಬಂತು?” ಎಂದರು ಬಾವನ ವಕೀಲರು. ಸೀತಾರಾಮಪ್ಪ ಎದ್ದುನಿಂತು ಜಗಳಕ್ಕೇ ಹೋದರು. ನನ್ನ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುತ್ತಿದ್ದಾಗ ಪಕ್ಕದಲ್ಲೇ ಕೂತಿದ್ದ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೊನೆಗೆ “ಪೂರ್ವಾಶ್ರಮದಲ್ಲಿ ಹೆಂಡತಿ” ಎಂದು ಬರೆದುಕೊಂಡರು. ಅಷ್ಟಕ್ಕೇ ಮದುವೆ ಮುರಿಯಿತು.

ಒಡವೆ ಬಂತು. ಅಮ್ಮನ ಡಾಬು ಬರಲಿಲ್ಲ. ದೀಕ್ಷೆಯ ದಿನ ಮನೆಯವರ ಪರವಾಗಿ ಅದನ್ನು ಬಸದಿಗೆ ಕೊಟ್ಟಾಯಿತು ಎಂದರು ಬಾವ. ದೇವರ ಮೇಲೆ ದಾವೆ ಹಾಕಲೇನು? ಹೊಲಿಗೆ ಯಂತ್ರವೂ ಬಂತು, ತುಳಿಯುವ ಕಾಲುಮಣೆ ಮುರಿದುಕೊಂಡು. ಜೀವನಾಂಶ ಇಲ್ಲ. ಮನೆ ಬಿಡುವ ಮೊದಲೇ ಇವರು ತಮ್ಮ ಪಾಲನ್ನೆಲ್ಲ ಬಾವನಿಗೆ ಬರೆದುಕೊಟ್ಟಿದ್ದರಂತೆ, ಏನೂ ಇಲ್ಲದವರಿಂದ ಏನು ಕೊಡಿಸಲಿ ಎಂದರು ಜಡ್ಜರು. ಅವರ ತ್ಯಾಗದ ಗಂಟಿನೊಳಗೆ ನನ್ನ ಅನ್ನವೂ ಸೇರಿ ಹೋಯಿತು. ಹೊರಡುವಾಗ ಸೀತಾರಾಮಪ್ಪ ಗಂಭೀರವಾಗಿ, “ಒಂದು ವರ್ಷ ಮರುಮದುವೆ ಆಗೋ ಹಾಗಿಲ್ಲ ಅಮ್ಮ, ಜೋಪಾನ” ಎಂದು ಎಚ್ಚರಿಸಿದರು. ಬಾಗಿಲಲ್ಲಿ ವರಗಳು ಸಾಲುಗಟ್ಟಿ ನಿಂತಿವೆ ನೋಡು.

ಕಾಲುಮಣೆ ರಿಪೇರಿ ಮಾಡಿಸಿದ್ದೇನೆ. ಪೇಟೆ ಬೀದಿಯಲ್ಲಿ ಒಂದು ಕೋಣೆ ಹಿಡಿದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದೇನೆ. ಬಣ್ಣದ ಸೀರೆಯನ್ನೇ ಉಡುತ್ತೇನೆ. ಅಣ್ಣನಿಗೆ ಭಾರವಾಗಿಲ್ಲ. ನೀನು ಮಗಳನ್ನು ಕರೆದುಕೊಂಡು ಬಂದು ನಾಲ್ಕು ದಿನ ಇದ್ದು ಹೋಗು. ಅವಳಿಗೊಂದು ಲಂಗ ಹೊಲಿದಿಟ್ಟಿದ್ದೇನೆ. ಮಗು ಆರೋಗ್ಯವಾಗಿ ಬೆಳೆಯಲಿ, ನಿನ್ನ ಮನೆ ನಗುತ್ತಿರಲಿ.

ಎಂದೂ ನಿನ್ನ,
ಪದ್ಮಲತಾ

ತಾ. ಕ.: ಒಂದು ಸಂಗತಿ ಬಿಟ್ಟು ಬರೆದೆ. ಹಾಗೇ ಅಂಟಿಸಿ ಕಳಿಸೋಣವೆಂದುಕೊಂಡೆ, ಮನಸ್ಸು ಕೇಳಲಿಲ್ಲ. ಆ ದಿನ ಬಸದಿಯಲ್ಲಿ ಕಮಿಷನರ್ ಕೊನೆಗೆ ಕೇಳಿದ್ದು, ದೀಕ್ಷೆಗೆ ಮೊದಲು ಹೆಂಡತಿಯ ಒಪ್ಪಿಗೆ ಪಡೆದಿದ್ದಿರಾ ಎಂದು. ಅವರು ತಡವರಿಸದೆ “ಪಡೆದಿದ್ದೆ” ಎಂದರು. ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳದ ವ್ರತ ಹಿಡಿದವರು ಸುಳ್ಳು ಹೇಳಿದರಲ್ಲ ಎಂದು ಬಸ್ಸಿನಲ್ಲಿ ಅಣ್ಣನ ಹತ್ತಿರ ಕೂಗಾಡಿದೆ. ಆಮೇಲೆ, ಸಾಗರ ಹತ್ತಿರ ಬರುವಾಗ ನೆನಪಾಯಿತು. ಮನೆ ಬಿಟ್ಟ ದಿನ ಬೆಳಗ್ಗೆ ನಾನು ಅಕ್ಕಿ ಆರಿಸುತ್ತಿದ್ದೆ. ಬಾಗಿಲಲ್ಲಿ ನಿಂತು “ಹೋಗ್ಲಾ?” ಎಂದರು. ಜವಳಿ ತರಲು ಶಿವಮೊಗ್ಗಕ್ಕೆ ಹೊರಡುವಾಗಲೂ ಹಾಗೇ ಕೇಳುತ್ತಿದ್ದರು. ನಾನು ಮೊರದಿಂದ ತಲೆ ಎತ್ತದೆ, “ಹೋಗಿ ಬನ್ನಿ” ಎಂದೆ.

ನಾನು ಹೇಳಿದ್ದು ಎರಡು ಮಾತು, ಸತ್ಯಾ. ಅವರು ಒಂದನ್ನೇ ತೆಗೆದುಕೊಂಡು ಹೋದರು.