ರುದ್ರಮ್ಮನವರ ಆರನೇ ರೆಕಾರ್ಡಿಂಗ್

ಜೂನ್ 2, ಭಾನುವಾರ
ಬಿಟಿಎಂನಿಂದ ಸಿದ್ದಾಪುರಕ್ಕೆ ಬಸ್. ರುದ್ರಮ್ಮನವರ ಆರನೇ ರೆಕಾರ್ಡಿಂಗ್. ಅವರು ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದರು, ನಾನು ಪಕ್ಕದಲ್ಲಿ. ಶಾಲೆಗೆ ಹೋಗದ ಹೆಂಗಸರ ಬಾಯಲ್ಲಿ ಇಂಗ್ಲಿಷ್ ಪದಗಳ ಅರ್ಥ ಹೇಗೆ ಬದಲಾಗುತ್ತದೆ — ಇದೇ ನನ್ನ ಪಿಎಚ್‌ಡಿ. ಇವತ್ತು ಸಿಕ್ಕಿದ್ದು: ಪಕ್ಕದ ಮನೆ ಹುಡುಗಿ 'ಸೈಲೆಂಟು'. ಅಂದರೆ ಒಳ್ಳೆಯವಳು. ಉಳಿದುಕೊಂಡಿರುವ ಪಿಜಿಯಲ್ಲಿ ನಾನೂ ಸೈಲೆಂಟೇ. ಯಾರೂ ಹೊಗಳಿಲ್ಲ.

ಜೂನ್ 5, ಬುಧವಾರ
ರೂಮ್‌ಮೇಟ್ ಇಯರ್‌ಫೋನ್ ತೆಗೆಯುವುದೇ ಇಲ್ಲ. ಭಾನುವಾರದಿಂದ ನಾನು ಆಡಿದ್ದು ಎರಡೇ ಮಾತು. 'ಒಂದು ಪ್ಲೇಟ್ ಇಡ್ಲಿ.' 'ಇಲ್ಲೇ ನಿಲ್ಸಿ ಅಣ್ಣ.'

ಜೂನ್ 7, ಶುಕ್ರವಾರ
ಗೈಡ್ ಇಂದ್ರಾಣಿ ಮೇಡಂ ಆರನೆಯದನ್ನು ಪೂರ್ತಿ ಕೇಳಿದರು. ನಾನು ಎದುರಿಗೇ ಕೂತಿದ್ದೆ.
"ಮಧುಮತಿ, ಇದ್ರಲ್ಲಿ ರುದ್ರಮ್ಮ ಎಲ್ಲಿದ್ದಾರೆ? ನಲವತ್ತು ನಿಮಿಷ ಬರೀ ನೀನೇ ಮಾತಾಡಿದೀಯಲ್ಲ!"
ಅವ್ವನ ಮಂಡಿನೋವು, ಗದಗಿನ ಮನೆ, ಮುರಿದುಹೋದ ನನ್ನ ನಿಶ್ಚಿತಾರ್ಥ... ಎಲ್ಲ ಕಕ್ಕಿಬಿಟ್ಟಿದ್ದೇನೆ. ಆ ಒಂದು 'ಸೈಲೆಂಟು' ಬಿಟ್ಟರೆ ರುದ್ರಮ್ಮನವರದು ಬರೀ 'ಹೂಂ'. ನಡುನಡುವೆ ಕತ್ತರಿ ಸದ್ದು. ಕೊನೆಗೆ ನನ್ನ ಅಳು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಬಾಯಿ ಮುಚ್ಚಿಕೊಂಡು ಕೇಳುವುದಷ್ಟೇ ನಮ್ಮ ಕೆಲಸ. ಅದೂ ಬರಲಿಲ್ಲ ನನಗೆ.
"ಇವ್ರನ್ನ ಬಿಟ್ಬಿಡು. ಬೇರೆಯವ್ರನ್ನ ಹುಡುಕು," ಎಂದರು ಮೇಡಂ.

ಜೂನ್ 23, ಭಾನುವಾರ
ಜರಗನಹಳ್ಳಿಯಲ್ಲಿ ಸೀತಮ್ಮ ಎಂಬ ಹೊಸಬರು. ಬಾಯಿ ತೆರೆಯಲಿಲ್ಲ ನಾನು. ಒಳ್ಳೆಯ ಡೇಟಾ. ಬರುವಾಗ ಬಸ್ಸಿನಲ್ಲಿ ಅಳು ಬಂತು.
ರುದ್ರಮ್ಮನವರಿಗೆ ಫೋನ್ ಮಾಡಿಲ್ಲ. ಮಾಡಿ ಏನು ಹೇಳಲಿ? ಅವರನ್ನು ಬಿಟ್ಟರೆ ಈ ಊರಲ್ಲಿ ನನಗೆ ಯಾರೂ ಇಲ್ಲ. ಆದರೆ ಕೆಲಸವಿಲ್ಲದೆ ಅವರ ಮನೆಗೆ ಹೋಗಲು ನಾನು ಅವರಿಗೆ ಏನಾಗಬೇಕು?

ಜೂನ್ 30, ಭಾನುವಾರ, ಮಧ್ಯಾಹ್ನ 3
ಹೋದೆ. ಬರಿಗೈಯಲ್ಲಿ.
"ಮೂರು ಭಾನುವಾರ ಎಲ್ಲೋಗಿದ್ದೆ? ಎಲ್ಲಿ ನಿನ್ ರೆಕಾರ್ಡರು?"
"ತಂದಿಲ್ರೀ ಅಮ್ಮ. ಆ ಕೆಲಸ ಮುಗೀತ್ರಿ. ಸುಮ್ನ ಬಂದೆ."
ಹಾಗಾದರೆ ಹೊರಡು ಎಂದರೆ? ರುದ್ರಮ್ಮ ಸೂಜಿಯನ್ನು ಬ್ಲೌಸಿಗೆ ಚುಚ್ಚಿಟ್ಟು ಎದ್ದರು. ಹೋಗಿ ಬಾಗಿಲು ಹಾಕಿ ಬಂದರು.
"ಸದ್ಯ. ಅದು ಇರೋವಾಗ ನಂದೇನೂ ಹೇಳಕ್ಕಾಗ್ತಿರ್ಲಿಲ್ಲ ಕಣವ್ವ. ಕೂತ್ಕೋ."
ಒಂದು ಗಂಟೆ ಅವರೇ ಮಾತಾಡಿದರು. ನಾನು ಹೂಂ ಎಂದೆ, ಅಷ್ಟೆ. ಯಾರಿಗೂ ಹೇಳಬೇಡ ಎಂದರು. ಅವರಿಗೆ ಹದಿನೇಳು ವರ್ಷವಿದ್ದಾಗ —
ಇಲ್ಲ. ಬರೆಯುವುದಿಲ್ಲ.