ಹಾಲು ಚಿಮುಕಿಸಿದ ಬೂದಿ

ಗಂಗಾವತಿ
14-11-2024, ಗುರುವಾರ

ಅಂಜಲಿಗೆ ನಿನ್ನ ಅವ್ವನ ಮುತ್ತು.

ನಾವೆಲ್ಲ ಆರಾಮ. ಹೈದರಾಬಾದಿನ ಚಳಿ ಹೇಗಿದೆ? ಬರೆಯಲು ತಡವಾಯಿತು, ಸಿಟ್ಟಾಗಬೇಡ. ಮೂರು ಸಲ ಕೂತು ಮೂರು ಹಾಳೆ ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

ಮಿಲ್ಲಿಗೆ ಹೊಸ ಭತ್ತ ಬಂದಿದೆ. ಕಸಬರಿಗೆ ಹಿಡಿದರೆ ಸಂಜೆಯವರೆಗೂ ಬೆನ್ನು ನೆಟ್ಟಗಾಗುವುದಿಲ್ಲ. ಜೊತೆಗೆ ಗುಡಿಸುವ ಶಹನಾಜಬೇಗಂ ನಿನ್ನ ಮದುವೆ ಯಾವಾಗ ಎಂದು ದಿನಾ ಕೇಳುತ್ತಾಳೆ. 'ಮೊದಲು ನಿನ್ನ ಮಗನಿಗೆ ಮಾಡು' ಎಂದು ಅವಳ ಬಾಯಿ ಮುಚ್ಚಿಸಿದೆ.

ಹೋದ ವಾರ ನೀನು ಫೋನಿನಲ್ಲಿ ಅತ್ತಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನನಗೆ ತಿಳಿದದ್ದು ಇಷ್ಟು: ಪ್ರೋಟೀನಿನ ಚೂರುಗಳನ್ನು ತೂಗುವ ಯಂತ್ರ. ಎಲ್ಲರೂ ಚೂರಿಗೆ ಒಂದು ಪುಡಿ ಬೆರೆಸಿ ಲೇಸರ್ ಬಿಡುತ್ತಾರೆ, ಆಗ ಅವು ಹಾರುತ್ತವೆ. ಆ ಪುಡಿಯ ಗದ್ದಲವೇ ಬೇಡವೆಂದು ನೀನು ನಮ್ಮ ಮಿಲ್ಲಿನ ಹೊಟ್ಟಿನ ಬೂದಿಯನ್ನು ತಟ್ಟೆಗೆ ಬಳಿದು ಅದರ ಮೇಲಿಂದಲೇ ಹಾರಿಸುತ್ತೀ. ಆದರೆ ಬೂದಿಯಷ್ಟೇ ಬಳಿದು ಬೇರೇನೂ ಹಾಕದ ತಟ್ಟೆಯಲ್ಲೂ ಯಾವುದೋ ಚೂರು ಕಾಣುತ್ತಿದೆ. ನಿಮ್ಮ ಸರ್ ಎಲ್ಲರೆದುರು ನಿನ್ನ ಕೈಯೇ ಹೊಲಸು ಎಂದರು. ಬರುವ ಸೋಮವಾರದೊಳಗೆ ಕಾರಣ ಹೇಳದಿದ್ದರೆ ಎರಡು ವರ್ಷದ ಕೆಲಸ ಬಿಡಿಸುತ್ತಾರಂತೆ.

ಮಗಳೇ, ತಪ್ಪು ನಿನ್ನ ಕೈಯದಲ್ಲ, ನನ್ನದು.

ಬೂದಿ ಕಳಿಸೆಂದು ಕೇಳಿದಾಗ ನೀನು ಹೇಳಿದ್ದೆ: 'ಅವ್ವಾ, ಬೂದಿ ಶುದ್ಧ ಇರಬೇಕು, ಭಾಳ ಶುದ್ಧ.' ಜರಡಿ ಹಿಡಿದೆ. ಆಮೇಲೆ ಹೊನ್ನೂರಪ್ಪನ ಮನೆಯಿಂದ ಆಕಳ ಹಾಲು ತಂದು ಚಿಮುಕಿಸಿ, ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿದೆ. ಹಾಲಿನಲ್ಲಿ ಪ್ರೋಟೀನು ಇರುತ್ತದೆಂದು ಮೊನ್ನೆ ಅಂಗನವಾಡಿಯ ದೀಪಿಕಾ ಹೇಳಿದಾಗಲೇ ನನಗೆ ಗೊತ್ತಾದದ್ದು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ನಾನು ಮಾಡಿದ್ದನ್ನು ನೀನು ಉಣ್ಣುತ್ತಿದ್ದೀ.

ನಾಳೆಯೇ ಸಿಗಲೆಂದು ರಾತ್ರಿ ಬಸ್ಸಿನಲ್ಲಿ ಇದರ ಜೊತೆ ಹೊಸ ಬೂದಿ ಕಳಿಸಿದ್ದೇನೆ. ಇದನ್ನೂ ನಾನೇ ತುಂಬಿದ್ದು, ಏನೂ ಚಿಮುಕಿಸಿಲ್ಲ. ಎರಡನ್ನೂ ಇಟ್ಟು ನೋಡು, ಸರ್‌ಗೆ ಈ ಕಾಗದ ತೋರಿಸು. 'ನಮ್ಮವ್ವ ದಡ್ಡಿ ಅದಾಳ್ರಿ' ಅಂದುಬಿಡು, ನನಗೇನೂ ಬೇಜಾರಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಮುಟ್ಟಿದ್ದೆಲ್ಲ ಬಂಗಾರವಾಗಲಿ.

ನಿನ್ನ ಅವ್ವ,
ಮಾರೆವ್ವ

ತಾ.ಕ.: ಇಲ್ಲಿಂದ ಕೆಳಗಿನದನ್ನು ಹರಿದಿಟ್ಟುಕೋ, ಸರ್‌ಗೆ ತೋರಿಸಬೇಡ. ಸಣ್ಣವಳಿದ್ದಾಗ ಕನಕಗಿರಿಯಲ್ಲಿ ದೊಡ್ಡ ಮನೆಯೊಂದರ ಕಾಳು ಹಸನು ಮಾಡಿಕೊಡುತ್ತಿದ್ದೆ. ನಮ್ಮವರು ಮುಟ್ಟಿದ್ದೆಂದು ಆ ಮನೆಯಾಕೆ ಅದಕ್ಕೆ ಹಾಲು ಚಿಮುಕಿಸಿಯೇ ಒಳಗೆ ಒಯ್ಯುತ್ತಿದ್ದಳು. ಬೂದಿಗೆ ಏನೂ ಆಗಿರಲಿಲ್ಲ, ಅಂಜಲಿ. ಅದನ್ನು ಮುಟ್ಟಿದ್ದು ನನ್ನ ಕೈ. ನೀನು ಓದುವ ದೊಡ್ಡ ಸಾಲಿಗೆ ಹೋಗುವ ಬೂದಿಯಲ್ಲವೇ ಎಂದು, ಈ ಸಲ ಯಾರೂ ಹೇಳದೆ ನಾನೇ ಚಿಮುಕಿಸಿದೆ.