ಖಂಡೇಪೂಜೆಯ ದಿನ ಜಿಗಿದ ಕಂಬ

ಚಮೋಲಿ ಜಿಲ್ಲೆ, ಉತ್ತರಾಖಂಡ
19 ಅಕ್ಟೋಬರ್ 2025

ಪ್ರೀತಿಯ ಅವ್ವಗ,

ನಿನ್ನ ರಾಜಶ್ರೀಯ ನಮಸ್ಕಾರ. ಫೋನಿದ್ದೂ ಕಾಗದ ಯಾಕೆ ಅಂದಿಯಾ? ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಪೂರಾ ಬೈದು ಮುಗಿಸಿರುತ್ತಿ. ಈಶ್ವರಣ್ಣ ಓದಿ ಹೇಳಲಿ. ಅಣ್ಣಾ, ಒಂದು ಸಾಲೂ ನುಂಗಬೇಡ.

ನಾನು ಇಲ್ಲಿ ಕಾಯುವುದು ಒಂದು ಕಂಬವನ್ನು. ಬಂಡೆಯಲ್ಲಿ ನೆಟ್ಟ, ನನ್ನ ಎದೆಮಟ್ಟದ ಉಕ್ಕಿನ ಕಂಬ. ಅದರ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂಥ ಬಿಳಿ ಆಂಟೆನಾ. ಉಪಗ್ರಹಗಳ ಸಂಕೇತ ಹಿಡಿದು, ಈ ಗುಡ್ಡ ವರ್ಷಕ್ಕೆ ಎಷ್ಟು ಮಿಲಿಮೀಟರ್ ಸರಿಯಿತೆಂದು ಅದು ಹೇಳುತ್ತದೆ. ನಮ್ಮ ಬನಹಟ್ಟಿಯನ್ನು ಹೊತ್ತ ನೆಲ ಉತ್ತರಕ್ಕೆ ನೂಕುತ್ತಲೇ ಇದೆ, ಟಿಬೆಟಿನ ನೆಲ ಎದುರು ನಿಂತಿದೆ. ಹಿಮಾಲಯದ ಅಡಿಯಲ್ಲಿ ಎರಡೂ ಕಚ್ಚಿಕೊಂಡಿವೆ. ಮಗ್ಗದಲ್ಲಿ ನೂಲು ಸುತ್ತಿದ ಬೀಮು ಸಿಕ್ಕಿಬಿದ್ದರೆ ನೂಲು ಬಿಗಿಯುತ್ತ ಬಿಗಿಯುತ್ತ ಪಟ್ಟನೆ ಹರಿಯುವುದಿಲ್ಲವೇ? ಅಲ್ಲಿ ಎಳೆತ, ಇಲ್ಲಿ ಒತ್ತಡ, ಅಷ್ಟೇ ಫರಕು. ಹರಿಯುವ ದಿನ ಯಾರಿಗೂ ಗೊತ್ತಿಲ್ಲ. ಎಷ್ಟು ಬಿಗಿದಿದೆ ಎಂಬುದನ್ನು ಇಂಥ ಕಂಬಗಳು ಹೇಳುತ್ತವೆ. ಅದನ್ನು ಕೇಳಿಯೇ ಕೆಳಗಿನ ಊರಿನವರು ಸಾಲಿಯ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದಾರೆ.

ಈಗ ನನ್ನ ತಪ್ಪು ಕೇಳು. ಖಂಡೇಪೂಜೆಯ ದಿನ ಮನೆ ನೆನಪಾಯಿತು. ಮಗ್ಗ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚುವ ದಿನ. ಇಲ್ಲಿ ನನಗೆ ಈ ಕಂಬವೇ ಮಗ್ಗ. ಯಾರೂ ಮುಟ್ಟಬಾರದೆಂದು ನನಗೆ ಹೇಳಿದ್ದರು. ಆ ಮಾತು ಮಂದಿಗೆ, ಕಾಯುವವಳಿಗಲ್ಲ ಅಂದುಕೊಂಡೆ. ಆಂಟೆನಾ ಬಿಚ್ಚಿದೆ, ಒರೆಸಿದೆ, ತಿರುಪಿಗೆ ಎಣ್ಣೆ ಬಿಟ್ಟೆ, ಕಂಬಕ್ಕೆ ಕುಂಕುಮವಿಟ್ಟು ಮತ್ತೆ ಕೂಡಿಸಿದೆ.

ಐದನೆಯ ದಿನ ಹರ್ಷದಾ ಮೇಡಂ ಕಂಪ್ಯೂಟರ್ ಮುಂದೆ ಹಣೆ ಹಿಡಿದು ಕೂತರು. ಜಮಖಂಡಿಯಿಂದ ಸೀರೆ ಕೊಳ್ಳಲು ನಮ್ಮನೆಗೆ ಬಂದು, ನನ್ನನ್ನು ಈ ಕೆಲಸಕ್ಕೆ ಕರೆದೊಯ್ದರಲ್ಲ, ಅವರೇ. ಕಂಬ ಒಮ್ಮೆಲೇ ಒಂಬತ್ತು ಮಿಲಿಮೀಟರ್ ಜಿಗಿದಿದೆ, ಪಕ್ಕದ ಗುಡ್ಡದ ಕಂಬ ಅಲುಗಿಲ್ಲ, ಅಂದರೆ ಇದರ ಬಂಡೆಯೇ ಸಡಿಲಾಗಿದೆ ಅಂದರು. ಇದನ್ನು ಕಿತ್ತು ಬೇರೆ ಕಡೆ ನೆಡಬೇಕು, ಆರು ವರ್ಷದ ಅಳತೆ ಇಲ್ಲಿಗೇ ನಿಂತಂತೆ. ಯಾರಾದರೂ ಮುಟ್ಟಿದರೇ ಎಂದು ಕೇಳಿದರು. ನಾನು ಹಿಟ್ಟು ನಾದುತ್ತಲೇ ಹೋದೆ.

ಏಳು ದಿನ ಸುಮ್ಮನಿದ್ದೆ, ಅವ್ವ. ನಾನು! ಹೇಳಿದರೆ ಕೆಲಸ ಹೋಗುತ್ತದೆ. ಮನೆಗೆ ಬಂದರೆ ನೀನು, "ಸಾಲಿ ಬಿಟ್ಟಿ, ಇದನ್ನೂ ಅರ್ಧಕ್ಕ ಬಿಟ್ಟೇನ ಬೇ?" ಅನ್ನುತ್ತಿ.

ಎಂಟನೆಯ ದಿನ ಕಂಬ ಕೀಳಲು ಆಳುಗಳು ಬಂದರು. ಅದನ್ನು ತಬ್ಬಿ ನಿಂತು ಎಲ್ಲ ಹೇಳಿಬಿಟ್ಟೆ. "ಪೂಜಾ ಮಾಡ್ಲಿಕ್ಕೆ ನಿನಗ ಬ್ಯಾರೆ ಏನೂ ಸಿಗ್ಲಿಲ್ಲೇನ?" ಎಂದು ಮೇಡಂ ಒದರಿದ್ದು ಕಣಿವೆಗೆಲ್ಲ ಕೇಳಿರಬೇಕು. ಆಮೇಲೆ ಒಳಗೆ ಹೋಗಿ ದಾಖಲೆ ಪುಸ್ತಕ ತಂದು ನನ್ನ ಮುಂದಿಟ್ಟರು. ಎಷ್ಟೊತ್ತಿಗೆ ಬಿಚ್ಚಿದಿ, ಎಷ್ಟೊತ್ತಿಗೆ ಕೂಡಿಸಿದಿ, ಖರೆ ಖರೆ ಬರಿ ಅಂದರು. ಒಂದು ನಿಮಿಷವನ್ನೂ ಬಿಡದೆ ಬರೆದೆ. ಬಂಡೆ ಸಡಿಲಾಗಿರಲಿಲ್ಲ, ನಾನು ಕೂಡಿಸುವಾಗ ಆಂಟೆನಾ ಹಳೆಯ ಜಾಗದಿಂದ ಸರಿದು ಕೂತಿತ್ತು. ಎರಡು ದಿನ ಲೆಕ್ಕ ಹಾಕಿ, ನನ್ನ ಕೈಯ ಆ ಒಂಬತ್ತು ಮಿಲಿಮೀಟರನ್ನು ಕಳೆದರು. ಕಂಪ್ಯೂಟರಿನಲ್ಲಿ ಅಳತೆಯ ಹಳೆಯ ಗೆರೆಗೆ ಹೊಸ ಗೆರೆ ಹರಿದ ನೂಲು ಹೆಣೆದಂತೆ ಕೂಡಿತು.

ಕಂಬ ಉಳಿಯಿತು, ನಾನೂ ಉಳಿದೆ. ಪುಸ್ತಕ ಇನ್ನು ಮೇಲೆ ನನ್ನ ಕೈಯಲ್ಲೇ. ತಪ್ಪು ಮಾಡದವರು ಸಿಗುವುದಿಲ್ಲ, ಬರೆದಿಡುವವರಾದರೂ ಬೇಕು ಅಂದರು ಮೇಡಂ. ಆದರೆ ಕೆಲಸ ಕಾಯಂ ಆಗಲು ಹತ್ತನೆಯದು ಪಾಸಾಗಬೇಕಂತೆ. ಪರೀಕ್ಷೆಗೆ ಕಟ್ಟುತ್ತೇನೆ. ಸಾಲಿಯಿಂದ ನನ್ನ ದಾಖಲೆ ತಂದು ಕಳಿಸು.

ನಿನ್ನ ಮಗಳು,
ರಾಜಶ್ರೀ

ತಾ.ಕ.: ಅವ್ವ, ವಿಜ್ಞಾನದಲ್ಲಿ ನಾನು ಫೇಲಾದೆ ಎಂದು ನೀನು ಓಣಿಗೆಲ್ಲ ಹೇಳಿ ಅತ್ತಿದ್ದಿ. ಫೇಲಾಗಿರಲಿಲ್ಲ. ಆ ದಿನ ಪರೀಕ್ಷೆಗೆ ಹೋಗಲೇ ಇಲ್ಲ. ಹೆದರಿಕೆಯಾಗಿ ಮುಧೋಳ ಬಸ್ಸು ಹತ್ತಿ, ಸಂಜೆಯವರೆಗೆ ಅಲ್ಲಿಯ ಬೇಟೆನಾಯಿ ಮರಿಗಳನ್ನು ನೋಡುತ್ತ ಕೂತಿದ್ದೆ. ಬಸ್ಸು ಹತ್ತಿದ್ದು ಬೆಳಿಗ್ಗೆ ಒಂಬತ್ತೂವರೆಗೆ. ಅಣ್ಣಾ, ಇದನ್ನೂ ಬರೆದಿಟ್ಟುಕೋ.